ವಿಮಾನ ಹತ್ತಲು ಯಾವ ಕಾರ್ಡ್ ಬೇಕು? ಮೊದಲು ಹೆಸರು ನೋಡಿ

ದೇಶದೊಳಗಿನ ವಿಮಾನಕ್ಕೆ ಟಿಕೆಟ್ ಮಾಡಿಸಲು ಬರುವವರು ನಮ್ಮಲ್ಲಿ ಕೇಳುವ ಮೊದಲ ಪ್ರಶ್ನೆ, "ಆಧಾರ್ ಇದ್ದರೆ ಸಾಕಲ್ವಾ?" ಸಾಕು. ಆದರೆ ಆ ಕಾರ್ಡಿನಲ್ಲಿ ಹೆಸರು ಹೇಗಿದೆ ಎಂದು ಅಕ್ಷರ ಅಕ್ಷರವಾಗಿ ಓದಿ ಹೇಳಿ ಎನ್ನುತ್ತೇನೆ. ಟ್ರಾವೆಲ್ ಏಜೆಂಟ್ ಆಗಿ ನಾನು ಕಂಡಂತೆ, ಕಾರ್ಡ್ ಮರೆತು ಬಂದವರಿಗಿಂತ ಹೆಸರು ಹೊಂದದೆ ಗೇಟಿನಲ್ಲಿ ನಿಂತವರೇ ಜಾಸ್ತಿ.

ಯಾವ ಕಾರ್ಡ್ ನಡೆಯುತ್ತದೆ ಎಂಬ ಪಟ್ಟಿಯನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರಲ್ಲಿ ಸ್ಪಷ್ಟಪಡಿಸಿತು. ಪಾಸ್‌ಪೋರ್ಟ್, ವೋಟರ್ ಐಡಿ, ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್ ಎಲ್ಲರಿಗೂ ಗೊತ್ತಿರುವವು. ಕೆಲಸದ ಸಂಸ್ಥೆಯ ಗುರುತಿನ ಚೀಟಿ, ಫೋಟೋ ಇರುವ ರಾಷ್ಟ್ರೀಕೃತ ಬ್ಯಾಂಕ್ ಪಾಸ್‌ಬುಕ್, ಫೋಟೋ ಇರುವ ಪಿಂಚಣಿ ಕಾರ್ಡ್, ಅಂಗವಿಕಲರ ಗುರುತಿನ ಚೀಟಿ ಕೂಡ ಅದರಲ್ಲಿವೆ. ಹಳ್ಳಿಯಿಂದ ಬರುವ ಹಿರಿಯರಿಗೆ ಪಾಸ್‌ಬುಕ್ ನಡೆಯುತ್ತದೆ ಎಂದರೆ ನಂಬುವುದೇ ಇಲ್ಲ. ಯಾವುದಾದರೂ ಒಂದು ಸಾಕು, ಆದರೆ ಮೂಲ ಪ್ರತಿಯೇ ಬೇಕು. ಜೆರಾಕ್ಸ್ ನಡೆಯುವುದಿಲ್ಲ.

ಇನ್ನು ಹೆಸರಿನ ವಿಷಯ. ನಮ್ಮ ಕಡೆ ಎಷ್ಟೋ ಜನಕ್ಕೆ ಸರ್‌ನೇಮ್ ಇಲ್ಲ, ಇನಿಷಿಯಲ್ ಇದೆ. ಬುಕಿಂಗ್ ಫಾರ್ಮ್ ಮಾತ್ರ ಮೊದಲ ಹೆಸರು, ಕೊನೆಯ ಹೆಸರು ಎರಡನ್ನೂ ಕೇಳುತ್ತದೆ. ಆಗ ಕೆಲವರು ಗಂಡನ ಹೆಸರು ಹಾಕುತ್ತಾರೆ, ಕೆಲವರು ಊರಿನ ಹೆಸರು. ಕಾರ್ಡಿನಲ್ಲಿ ಅದು ಇರುವುದೇ ಇಲ್ಲ! ಕಾರ್ಡಿನಲ್ಲಿ ಇನಿಷಿಯಲ್ ಇದ್ದರೆ ಅದನ್ನೇ ಕೊನೆಯ ಹೆಸರಿನ ಜಾಗದಲ್ಲಿ ಹಾಕಿ. ಬರೀ ಒಂದೇ ಹೆಸರಿದ್ದರೆ ಏನು ಮಾಡಬೇಕೆಂದು ಆ ವಿಮಾನ ಸಂಸ್ಥೆಯ ಸೂಚನೆ ನೋಡಿ. ಅದೇ ಹೆಸರನ್ನು ಎರಡೂ ಕಡೆ ಬರೆಯಿರಿ ಎನ್ನುವ ಸಂಸ್ಥೆಗಳಿವೆ. ಲಕ್ಷ್ಮಿ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಾರ್ಡಿನಲ್ಲಿ ಕೆ-ಎಸ್-ಎಚ್ ಹಾಕಿ, ಇನ್ನೊಂದರಲ್ಲಿ ಎಕ್ಸ್ ಹಾಕಿ ಬರೆದಿರುತ್ತಾರೆ. ಹಾಗಾಗಿ ಯಾವ ಕಾರ್ಡ್ ಕೈಯಲ್ಲಿ ಹಿಡಿದು ಹೋಗುತ್ತೀರೋ ಅದನ್ನೇ ಎದುರಿಗಿಟ್ಟುಕೊಂಡು ಟಿಕೆಟ್ ಮಾಡಿ. ಮದುವೆಯ ನಂತರ ಹೆಸರು ಬದಲಾಗಿದ್ದರೂ ಇದೇ ಮಾತು: ಕಾರ್ಡಿನಲ್ಲಿ ಇನ್ನೂ ಹಳೆಯ ಹೆಸರಿದ್ದರೆ ಟಿಕೆಟ್ಟಿಗೂ ಹಳೆಯ ಹೆಸರೇ ಇರಲಿ.

ತಪ್ಪಾಗಿದೆ ಎಂದು ಗೊತ್ತಾದ ದಿನವೇ ವಿಮಾನ ಸಂಸ್ಥೆಗೆ ಅಥವಾ ಟಿಕೆಟ್ ಮಾಡಿಕೊಟ್ಟವರಿಗೆ ಹೇಳಿ. ಒಂದೆರಡು ಅಕ್ಷರ ತಿದ್ದುವುದು ಸಾಮಾನ್ಯವಾಗಿ ಆಗುವ ಕೆಲಸ. ಟಿಕೆಟನ್ನು ಬೇರೊಬ್ಬರ ಹೆಸರಿಗೆ ಬದಲಿಸಲು ಮಾತ್ರ ಆಗುವುದಿಲ್ಲ.

ಫೋನಿನಲ್ಲಿ ತೋರಿಸಬಹುದಾ? ಎಂ-ಆಧಾರ್ ಅಥವಾ ಡಿಜಿಲಾಕರ್ ಆ್ಯಪ್ ತೆರೆದು ತೋರಿಸಬಹುದು. ಗ್ಯಾಲರಿಯಲ್ಲಿರುವ ಆಧಾರ್ ಫೋಟೋ, ಮಗ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚಿತ್ರ ಇವನ್ನು ನೆಚ್ಚಿಕೊಳ್ಳಬೇಡಿ. ಆ್ಯಪ್‌ಗೆ ಓಟಿಪಿ ಬೇಕು, ಅದು ಆಧಾರಿಗೆ ಜೋಡಿಸಿದ ನಂಬರಿಗೇ ಬರುತ್ತದೆ. ಅಪ್ಪ ಅಮ್ಮನ ಆಧಾರಿಗೆ ಯಾವತ್ತೋ ಬಿಟ್ಟುಬಿಟ್ಟ ನಂಬರ್ ಜೋಡಿಸಿರುವುದು ತುಂಬಾ ಸಾಮಾನ್ಯ. ಆ್ಯಪನ್ನು ಮನೆಯಲ್ಲೇ ತೆರೆದು ನೋಡಿ.

ವಿಮಾನ ನಿಲ್ದಾಣದಲ್ಲಿ ಮುಖ ನೋಡಿ ಗುರುತಿಸುವ ಡಿಜಿಯಾತ್ರಾ ವ್ಯವಸ್ಥೆ 2022ರ ಡಿಸೆಂಬರಿನಲ್ಲಿ ಬೆಂಗಳೂರು, ದೆಹಲಿ, ವಾರಾಣಸಿಯಲ್ಲಿ ಶುರುವಾಯಿತು. ಮುಖ ತೋರಿಸಿ ಒಳಗೆ ಹೋಗಬಹುದು. ಅದು ಕಡ್ಡಾಯವಲ್ಲ. ಬಳಸುವವರೂ ಕಾರ್ಡ್ ಇಟ್ಟುಕೊಂಡೇ ಹೋಗಬೇಕು ಎಂಬುದು ನನ್ನ ಸಲಹೆ.

ಅಪ್ಪ ಅಮ್ಮನ ಬಳಿ ಸರಿಯಾದ ಗುರುತಿನ ಚೀಟಿ ಇದ್ದು, ಮಕ್ಕಳು ಅವರ ಜೊತೆಗೇ ಹೋಗುವಾಗ ಮಕ್ಕಳಿಗೆ ಬೇರೆ ಚೀಟಿ ಬೇಡ. ಆದರೂ ಎರಡು ವರ್ಷದೊಳಗಿನ ಮಗುವಿನ ವಯಸ್ಸಿಗೆ ವಿಮಾನ ಸಂಸ್ಥೆ ದಾಖಲೆ ಕೇಳುತ್ತದೆ, ಜನನ ಪ್ರಮಾಣಪತ್ರ ಇರಲಿ. ಹೋಗುವಾಗ ಎರಡು ತುಂಬದ ಮಗುವಿಗೆ ವಾಪಸ್ ಬರುವಷ್ಟರಲ್ಲಿ ಎರಡು ತುಂಬಿದರೆ, ಬರುವಾಗ ಸೀಟಿನ ಟಿಕೆಟ್ ಬೇಕು. ರಜೆಯಲ್ಲಿ ಅಜ್ಜಿ ತಾತನ ಜೊತೆ ಕಳಿಸುವುದಾದರೆ ಮಗುವಿನ ಆಧಾರ್ ಕಳಿಸಿಬಿಡಿ.

ಹಿರಿಯ ನಾಗರಿಕರ ರಿಯಾಯಿತಿಯಲ್ಲಿ ಟಿಕೆಟ್ ಮಾಡಿದವರು ವಯಸ್ಸನ್ನೂ ತೋರಿಸಬೇಕು. ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಅದೇ ವರ್ಷ ಅರವತ್ತು ತುಂಬುವವರು ಪೂರ್ತಿ ಜನ್ಮದಿನಾಂಕ ಇರುವ ಪ್ಯಾನ್ ಕಾರ್ಡ್ ಜೊತೆಗಿಟ್ಟುಕೊಳ್ಳಿ. ವಿದ್ಯಾರ್ಥಿ, ಸೈನಿಕ ರಿಯಾಯಿತಿಗೂ ಅದಕ್ಕೆ ತಕ್ಕ ಕಾರ್ಡ್ ಬೇಕು.

ಕಾಠ್ಮಂಡು ಹತ್ತಿರವೇ ಇದೆ, ವೀಸಾ ಬೇಡ, ಹಾಗಾಗಿ ಆಧಾರ್ ಸಾಕು ಅಂದುಕೊಳ್ಳುವವರಿದ್ದಾರೆ. ಅದು ವಿದೇಶ ಪ್ರಯಾಣ. ದೊಡ್ಡವರಿಗೆ ಸಾಮಾನ್ಯವಾಗಿ ಪಾಸ್‌ಪೋರ್ಟ್ ಇಲ್ಲವೇ ವೋಟರ್ ಐಡಿ ಬೇಕು.

ಪರ್ಸ್ ಕಳೆದುಹೋದರೆ ಮೊದಲು ಡಿಜಿಲಾಕರ್ ನೋಡಿ. ಪಟ್ಟಿಯಲ್ಲಿರುವ ಯಾವುದೂ ಇಲ್ಲದವರಿಗೂ ಒಂದು ದಾರಿಯಿದೆ. ಕೇಂದ್ರ ಅಥವಾ ರಾಜ್ಯ ಸರ್ಕಾರದ ಗ್ರೂಪ್ ಎ ಗೆಜೆಟೆಡ್ ಅಧಿಕಾರಿ ತಮ್ಮ ಲೆಟರ್‌ಹೆಡ್‌ನಲ್ಲಿ, ನಿಮ್ಮ ಫೋಟೋ ದೃಢೀಕರಿಸಿ ಗುರುತಿನ ಪತ್ರ ಕೊಡಬಹುದು. ಅಂಥ ಅಧಿಕಾರಿ ಸಿಕ್ಕಿ ಪತ್ರ ಕೈಗೆ ಬರಲು ಸಮಯ ಬೇಕು, ಹೊರಡುವ ದಿನ ಬೆಳಿಗ್ಗೆ ಆಗುವ ಮಾತಲ್ಲ.