ಇಬ್ಬರೂ ಗಂಟೆಯವರೇ: ಕಾರ್ಗೋ ಪೈಲಟ್ ಮತ್ತು ಪಾರ್ಸಲ್ ಹುಡುಗ, ನನ್ನ ಲೇಬರ್ ಎಕನಾಮಿಕ್ಸ್ ಟಿಪ್ಪಣಿ

ಮೂರನೇ ಸೆಮಿಸ್ಟರ್ ಟೆಸ್ಟಿನಲ್ಲಿ ಹತ್ತು ಅಂಕದ ಪ್ರಶ್ನೆ ಇದು: ‘ಒಂದೇ ಸರಕು ಸಾಗಣೆ ಕಂಪನಿಯ ಪೈಲಟ್‌ಗೂ ಗಂಟೆ ಲೆಕ್ಕದ ಡೆಲಿವರಿ ಕಾರ್ಮಿಕನಿಗೂ ಇರುವ ವೇತನ ಮತ್ತು ಸ್ಥಾನಮಾನದ ಅಂತರವನ್ನು ವಿವರಿಸಿ.’ ನಾನು ಮೊದಲ ಸಾಲಿನಲ್ಲೇ ‘ಪೈಲಟ್ ತಿಂಗಳ ಸಂಬಳದವನು, ಡೆಲಿವರಿಯವನು ಗಂಟೆ ಕೂಲಿಯವನು’ ಎಂದು ಧೈರ್ಯವಾಗಿ ಬರೆದಿದ್ದೆ. ಅದರ ಕೆಳಗೆ ಕೆಂಪು ಗೆರೆ. ಪಕ್ಕದಲ್ಲಿ ಮೇಷ್ಟ್ರು ಬರೆದದ್ದು ಎರಡೇ ಪದ: ‘ಇಬ್ಬರೂ ಗಂಟೆಯವರೇ’. ಮೂರು ಅಂಕ ಬಂತು.

ಆ ಎರಡು ಪದ ತಲೆಗೆ ಹೋಗೋಕೆ ನನಗೆ ನಾಲ್ಕು ದಿನ ಬೇಕಾಯಿತು. ಸೆಮಿಸ್ಟರ್ ಪರೀಕ್ಷೆಗೆ ಇದೇ ಪ್ರಶ್ನೆ ತಿರುಗಿ ಬರಬಹುದು, ಅಷ್ಟರಲ್ಲಿ ನಾನೇ ಮರೆತಿರುತ್ತೇನೆ, ಅದಕ್ಕೇ ಬರೆದಿಡುತ್ತಿದ್ದೇನೆ. ಕೂಲಿಯ ಬೇಡಿಕೆ–ಪೂರೈಕೆ ರೇಖೆ, ಸೀಮಾಂತ ಉತ್ಪಾದಕತೆ ಇವೆಲ್ಲ ನಿಮಗೆ ಗೊತ್ತಿರುವುದೇ, ಬಿಡುತ್ತೇನೆ.

ಉದಾಹರಣೆಗೆ ಪಾರ್ಸಲ್ ಸಾಗಿಸುವ ಅಮೆರಿಕದ ಎರಡು ಕಂಪನಿ ಸಾಕು. ಯುಪಿಎಸ್ ಹುಟ್ಟಿದ್ದು 1907ರಲ್ಲಿ, ಸಿಯಾಟಲ್‌ನಲ್ಲಿ. ಅದರ ಸ್ವಂತ ವಿಮಾನ ಸಂಸ್ಥೆ ಬಂದದ್ದು 1988ರಲ್ಲಿ, ವಿಮಾನಗಳ ಮುಖ್ಯ ನೆಲೆ ಲೂಯಿವಿಲ್. ಫೆಡೆಕ್ಸ್ 1973ರಲ್ಲಿ ಮೆಂಫಿಸ್‌ನಿಂದ ಹಾರಾಟ ಶುರು ಮಾಡಿದ ಕಂಪನಿ. ರಾತ್ರಿ ದೇಶದ ಮೂಲೆಮೂಲೆಯಿಂದ ವಿಮಾನಗಳು ಒಂದೇ ಊರಿಗೆ ಬಂದಿಳಿಯುತ್ತವೆ, ಪಾರ್ಸಲ್‌ಗಳನ್ನು ಊರುವಾರು ಬೇರ್ಪಡಿಸುತ್ತಾರೆ, ಬೆಳಗಾಗುವುದರೊಳಗೆ ಮತ್ತೆ ಹಾರುತ್ತವೆ. ಒಂದೇ ಡಬ್ಬಿಯನ್ನು ಪೈಲಟ್, ಗೋದಾಮಿನ ಅರೆಕಾಲಿಕ ಕೆಲಸಗಾರ, ವ್ಯಾನ್ ಡ್ರೈವರ್ ಮೂವರೂ ದಾಟಿಸುತ್ತಾರೆ. ಮೂವರಿಗೂ ದರ ಇರುವುದು ಗಂಟೆಗೆ.

ನಾನು ಎಡವಿದ ಜಾಗ: ಯಾವ ಗಂಟೆ?

ಪೈಲಟ್‌ನ ಗಂಟೆಗೆ ಬ್ಲಾಕ್ ಅವರ್ ಅನ್ನುತ್ತಾರೆ. ನಮ್ಮಲ್ಲಿ ಲಾರಿ ನಿಲ್ಲಿಸಿದಾಗ ಚಕ್ರಕ್ಕೆ ಕಲ್ಲು ಕೊಡುತ್ತಾರಲ್ಲ, ವಿಮಾನಕ್ಕೂ ಹಾಗೇ ಅಡ್ಡಗಟ್ಟೆ ಇಡುತ್ತಾರೆ. ಅದನ್ನು ತೆಗೆದು ವಿಮಾನ ಜಾಗ ಬಿಟ್ಟ ಕ್ಷಣದಿಂದ, ಇನ್ನೊಂದು ಊರಲ್ಲಿ ಮತ್ತೆ ಅಡ್ಡಗಟ್ಟೆ ಇಡುವವರೆಗಿನ ಹೊತ್ತು ಬ್ಲಾಕ್ ಅವರ್. ಅದಕ್ಕೆ ಮುಂಚೆ ಹವಾಮಾನ ಓದುವುದು, ಇಂಧನದ ಲೆಕ್ಕ, ಪಾರ್ಸಲ್ ಬೇರ್ಪಡಿಸುವವರೆಗೆ ನಡುರಾತ್ರಿ ಕಾಯುವುದು, ಪರ ಊರಿನ ಹೋಟೆಲ್ಲಿನಲ್ಲಿ ಕರ್ಟನ್ ಎಳೆದು ಹಗಲು ಮಲಗುವುದು, ಇದ್ಯಾವುದೂ ಬ್ಲಾಕ್ ಅವರ್ ಅಲ್ಲ.

ಇಲ್ಲಿ ನನಗೆ ತಿರುಗುಮುರುಗಾಯಿತು. ಹಾಗಾದರೆ ಪೈಲಟ್‌ಗೇ ಮೋಸವಲ್ಲವೇ? ವ್ಯಾನ್ ಡ್ರೈವರ್ ಬೆಳಿಗ್ಗೆ ಹಾಜರಿ ಒತ್ತಿದಾಗಿನಿಂದ ಸಂಜೆ ಒತ್ತುವವರೆಗೆ, ಸಿಗ್ನಲ್ಲಿನಲ್ಲಿ ನಿಂತದ್ದೂ ಸೇರಿ, ದುಡ್ಡು. ಪೈಲಟ್‌ಗೆ ಚಕ್ರ ಉರುಳಿದರೆ ಮಾತ್ರ ದುಡ್ಡು. ಎರಡು ದಿನ ಇದನ್ನೇ ಹಿಡಿದು ಕೂತಿದ್ದೆ.

ಬಿಡಿಸಿದ್ದು ನಮ್ಮ ಸೋದರಮಾವ. ಅವರು ಸರ್ಕಾರಿ ಬಸ್ಸಿನ ಡ್ರೈವರ್, ಮನೆ ಬಳ್ಳಾರಿಯ ಕೌಲ್‌ಬಜಾರ್‌ನಲ್ಲಿ. ಭಾನುವಾರ ಊಟಕ್ಕೆ ಹೋದಾಗ ಹೀಗೀಗೆ ಅಂದೆ. ‘ಅಳಿಯಾ, ಇದೇನು ಹೊಸಾದು? ನಮಗೂ ಸ್ಟೀರಿಂಗ್ ಅವರ್ ಬೇರೆ, ಡ್ಯೂಟಿ ಅವರ್ ಬೇರೆ. ಸ್ಟೀರಿಂಗ್ ಹಿಡಿದಿದ್ದು ಆರು ತಾಸು ಇರ್ತೈತಿ, ಮನಿ ಬಿಟ್ಟಿದ್ದು ಹದಿನಾಲ್ಕು ತಾಸು ಆಗಿರ್ತೈತಿ. ನಡುವಿನ ಎಂಟು ತಾಸಿಗೆ ಏನು ಬರೆದಾರೆ ಅಂತ ಚಾರ್ಟ್ ನೋಡು’ ಅಂದರು.

ನಡುವಿನ ತಾಸಿಗೆ ಏನು ಬರೆದಿದ್ದಾರೆ. ನಾನು ಹುಡುಕಬೇಕಾಗಿದ್ದು ಅದನ್ನೇ. ಮಾವ ಹೇಳಿದ ಮೇಲೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ತೆಗೆದು ನೋಡಿದೆ (ಅದು ಈಗ ಹೊಸ ಕಾರ್ಮಿಕ ಸಂಹಿತೆಯೊಳಗೆ ಸೇರಿಹೋಗಿದೆ). ಕೆಲಸದ ಅವಧಿ ಎಂದರೆ ಬಸ್ಸು ಓಡಿದ ಹೊತ್ತು, ಅದಕ್ಕೆ ಅಂಟಿಕೊಂಡ ಇತರ ಕೆಲಸದ ಹೊತ್ತು, ಜೊತೆಗೆ ಕೊನೆಯ ನಿಲ್ದಾಣದಲ್ಲಿ 15 ನಿಮಿಷಕ್ಕಿಂತ ಕಡಿಮೆ ಸುಮ್ಮನೆ ಹಾಜರಿದ್ದ ಹೊತ್ತು ಎಂದು ಅದರಲ್ಲಿ ಬಿಡಿಸಿ ಬರೆದಿದೆ. 15 ನಿಮಿಷ! ಕಾಯುವ ಹೊತ್ತು ಕೆಲಸವೋ ಅಲ್ಲವೋ ಎಂಬುದನ್ನು ಗಡಿಯಾರ ಹೇಳುವುದಿಲ್ಲ, ಕಾಗದದ ಮೇಲಿನ ಸಾಲು ಹೇಳುತ್ತದೆ.

ಪೈಲಟ್‌ಗಳ ಕಾಗದದಲ್ಲಿ ಅಂಥ ಸಾಲು ಎರಡಿವೆ. ಇವು ಗೊತ್ತಿಲ್ಲದೆ ಈ ಪಾಠ ಮುಂದೆ ಹೋಗುವುದಿಲ್ಲ.

ಮೊದಲನೆಯದು ಗ್ಯಾರಂಟಿ. (ನಮ್ಮ ಐದು ಗ್ಯಾರಂಟಿಗೂ ಇದಕ್ಕೂ ಸಂಬಂಧವಿಲ್ಲ.) ತಿಂಗಳಿಗೆ ಇಷ್ಟು ಗಂಟೆ ಹಾರಿಸಲಿ ಬಿಡಲಿ, ಕನಿಷ್ಠ ಇಷ್ಟು ಗಂಟೆಯ ದುಡ್ಡು ಕೊಡಲೇಬೇಕು. ಹೊರಗಿನಿಂದ ನೋಡುವವರಿಗೆ ಪೈಲಟ್ ತಿಂಗಳ ಸಂಬಳದವನ ಹಾಗೆ ಕಾಣುವುದು ಇದರಿಂದ. ನಾನು ಮೋಸಹೋದದ್ದೂ ಇಲ್ಲೇ.

ಎರಡನೆಯದಕ್ಕೆ ಟ್ರಿಪ್ ರಿಗ್ ಅನ್ನುತ್ತಾರೆ. ಸ್ವಂತ ನೆಲೆಯಿಂದ ದೂರವಿದ್ದ ಇಂತಿಷ್ಟು ಗಂಟೆಗೆ ಒಂದು ಗಂಟೆಯ ಸಂಬಳ ಎಂಬ ಅನುಪಾತ ಅದು. ಹಾರಿದ ಗಂಟೆ ಮತ್ತು ರಿಗ್ ಪ್ರಕಾರ ಬಂದ ಗಂಟೆ, ಎರಡರಲ್ಲಿ ಯಾವುದು ದೊಡ್ಡದೋ ಅದಕ್ಕೆ ದುಡ್ಡು. ಕೂಡಿಸಬಾರದು. ನಾನು ಮೊದಲ ಸಲ ಕೂಡಿಸಿದ್ದೆ.

ಲೆಕ್ಕ ಮಾಡಿಯೇ ನೋಡೋಣ. ಪೈಲಟ್‌ನ ಸಂಖ್ಯೆಗಳು ಲೆಕ್ಕಕ್ಕಾಗಿ ಹಿಡಿದವು: ಗಂಟೆಗೆ 300 ಡಾಲರ್, ನಾಲ್ಕು ಗಂಟೆ ದೂರವಿದ್ದರೆ ಒಂದು ಗಂಟೆ. ಐದು ದಿನ ಊರು ಬಿಟ್ಟ ಎಂದರೆ 120 ಗಂಟೆ. ಆ ಐದು ದಿನದಲ್ಲಿ ಹಾರಿಸಿದ್ದು 14 ಗಂಟೆ. ರಿಗ್ ಪ್ರಕಾರ 120 ಭಾಗಿಸು 4, ಅಂದರೆ 30 ಗಂಟೆ. 14ಕ್ಕಿಂತ 30 ದೊಡ್ಡದು. ಆದ್ದರಿಂದ 30 ಗುಣಿಸು 300, ಒಟ್ಟು 9,000 ಡಾಲರ್.

ಈಗ ಅದೇ 9,000ವನ್ನು ಹಾರಿದ 14 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 643 ಡಾಲರ್. ಊರು ಬಿಟ್ಟ 120 ಗಂಟೆಗೆ ಹಂಚಿದರೆ 75 ಡಾಲರ್. ದುಡ್ಡು ಒಂದೇ. ಪೈಲಟ್‌ಗಳ ಸಂಬಳ ನೋಡಿ ಬಾಯಿ ಬಿಡುವವರು ಮೊದಲನೆಯದನ್ನು ಹೇಳುತ್ತಾರೆ, ಮಾತುಕತೆಗೆ ಕೂತ ಪೈಲಟ್ ಸಂಘ ಎರಡನೆಯದನ್ನು ಹೇಳುವುದು ಸಹಜ. ಪರೀಕ್ಷೆಯಲ್ಲಿ ‘ಗಂಟೆಗೆ ಎಷ್ಟು’ ಎಂದು ಕೇಳಿದರೆ ಛೇದದಲ್ಲಿ ಯಾವ ಗಂಟೆ ಇಟ್ಟಿರಿ ಎಂದು ಮೊದಲು ಬರೆಯಿರಿ.

ವ್ಯಾನ್ ಡ್ರೈವರ್ ಕಡೆ ಹಿಡಿದ ಸಂಖ್ಯೆ ಬೇಕಿಲ್ಲ, ನಿಜವಾದದ್ದೇ ಇದೆ. ಯುಪಿಎಸ್‌ನ ಸುಮಾರು 3,40,000 ಕೆಲಸಗಾರರಿಗೆ ಟೀಮ್‌ಸ್ಟರ್ಸ್ ಸಂಘ 2023ರಲ್ಲಿ ಐದು ವರ್ಷದ ಒಪ್ಪಂದ ಮಾಡಿಕೊಂಡಿತು. ಪೂರ್ಣಾವಧಿ ಡ್ರೈವರ್‌ಗಳ ಸರಾಸರಿ ಗರಿಷ್ಠ ದರ ಒಪ್ಪಂದದ ಕೊನೆಗೆ ಗಂಟೆಗೆ 49 ಡಾಲರ್, ಗೋದಾಮಿನ ಅರೆಕಾಲಿಕರಿಗೆ ಆರಂಭವೇ 21 ಡಾಲರ್. ದಿನಕ್ಕೆ ಎಂಟು ಗಂಟೆ ಮೀರಿದರೆ ಡ್ರೈವರ್‌ಗೆ ಒಂದೂವರೆ ಪಟ್ಟು. ದಿನಕ್ಕೆ ಹತ್ತು ಗಂಟೆ ದುಡಿದರೆ 392 ಕೂಡಿಸು 147, ಅಂದರೆ 539. ಐದು ದಿನಕ್ಕೆ 2,695. ಗಂಟೆಗೆ 53.90.

75 ಮತ್ತು 53.90. ನಾನು ಊಹಿಸಿದ ಪಾತಾಳ ಇಲ್ಲಿ ಕಾಣಲೇ ಇಲ್ಲ. ಹಾಗೆಂದು ಅಂತರವೇ ಇಲ್ಲ ಎಂದು ಬರೆದುಬಿಡಬೇಡಿ. ಡ್ರೈವರ್ 50 ಗಂಟೆ ಮೈಮುರಿದು ತಂದದ್ದು 2,695, ಪೈಲಟ್ 14 ಗಂಟೆ ಹಾರಿಸಿ ಉಳಿದ ಹೊತ್ತು ಕಾದು, ಮಲಗಿ ತಂದದ್ದು 9,000. ಡ್ರೈವರ್ ರಾತ್ರಿ ಮನೆಗೆ ಹೋಗುತ್ತಾನೆ, ಪೈಲಟ್ ಹೋಗುವುದಿಲ್ಲ ಎಂಬುದನ್ನೂ ಪಕ್ಕದಲ್ಲೇ ಬರೆಯಿರಿ.

ಲೆಕ್ಕ ಮಾಡುವಾಗ ಸಿಕ್ಕ ಒಂದು ಮಜಾ. ಅರೆಕಾಲಿಕನಿಗೆ ದಿನಕ್ಕೆ ಮೂರೂವರೆ ಗಂಟೆಯ ಗ್ಯಾರಂಟಿ ಇದೆ. 21 ಗುಣಿಸು 3.5, ಅಂದರೆ 73.50. ಡ್ರೈವರ್‌ನ ಒಂದೇ ಒಂದು ಓಟಿ ಗಂಟೆ, 49ರ ಒಂದೂವರೆ ಪಟ್ಟು, ಅದೂ 73.50! ಎರಡು ದರಗಳೂ ಒಪ್ಪಂದದ ಬೇರೆ ಬೇರೆ ವರ್ಷದವು, ಆದ್ದರಿಂದ ಇದನ್ನು ಪುರಾವೆ ಎಂದು ಬಳಸಬೇಡಿ. ಆದರೂ ಒಬ್ಬನ ಖಾತ್ರಿ ದಿನ ಇನ್ನೊಬ್ಬನ ಒಂದು ತಾಸಿಗೆ ಸರಿಸಮ ಬಂದದ್ದು ನೋಡಿ ಪೆನ್ನು ಕೆಳಗಿಟ್ಟೆ. ಪೈಲಟ್–ಡ್ರೈವರ್ ಎಂದು ಎರಡೇ ಕಂಬ ಎಳೆದರೆ ಈ ಮೂರನೆಯವನು ಕಾಣುವುದೇ ಇಲ್ಲ.

ಆ್ಯಡಂ ಸ್ಮಿತ್‌ನ ಐದು ಕಾರಣ

ಇದು ಎಲ್ಲರ ನೋಟ್ಸಲ್ಲೂ ಇದೆ, ಬೇಗ ಮುಗಿಸುತ್ತೇನೆ. ಒಂದು ಕೆಲಸಕ್ಕೂ ಇನ್ನೊಂದಕ್ಕೂ ಕೂಲಿ ಬೇರೆ ಯಾಕೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಸ್ಮಿತ್ 1776ರಲ್ಲಿ ಕೊಟ್ಟ ಕಾರಣಗಳು: ಕೆಲಸ ಹಿತವೋ ಅಹಿತವೋ, ಕಲಿಯುವ ಕಷ್ಟ ಮತ್ತು ಖರ್ಚು, ಕೆಲಸದ ಸ್ಥಿರತೆ, ಹೊರಿಸುವ ನಂಬಿಕೆ, ಗೆಲ್ಲುವ ಸಾಧ್ಯತೆ. ಕಲಿಕೆಯ ಖರ್ಚು ಪೈಲಟ್‌ಗೆ ಸರಿಯಾಗಿ ಕೂರುತ್ತದೆ. ಅಮೆರಿಕದಲ್ಲಿ 2013ರಿಂದ ಸಹ ಪೈಲಟ್ ಆಗಲೂ ಸಾಮಾನ್ಯವಾಗಿ 1500 ಗಂಟೆ ಹಾರಾಟ ಬೇಕು. ನಂಬಿಕೆಯೂ ಕೂರುತ್ತದೆ. ಕೂರದೆ ಒದೆಯುವುದು ಸ್ಥಿರತೆ. ಕೆಲಸ ಇವತ್ತು ಉಂಟು ನಾಳೆ ಇಲ್ಲ ಎನ್ನುವವನಿಗೆ ಕೂಲಿ ಹೆಚ್ಚು ಸಿಗಬೇಕು ಎನ್ನುತ್ತಾನೆ ಸ್ಮಿತ್. ಇಲ್ಲಿ ತಿಂಗಳ ಗ್ಯಾರಂಟಿ ಇರುವ ಪೈಲಟ್‌ಗೇ ದರವೂ ಹೆಚ್ಚು. ಅಲ್ಲಿಗೆ ನಾನು ನೆನಪಿಗೆ ಕಟ್ಟಿಕೊಂಡ ಸೂತ್ರ: ದರ ಬರುವುದು ಕಲಿಕೆಯಿಂದ, ಗಂಟೆ ಬರುವುದು ಒಪ್ಪಂದದಿಂದ. ಉತ್ತರ ಪತ್ರಿಕೆಯಲ್ಲಿ ಎರಡನ್ನೂ ಬೇರೆ ಬೇರೆ ಪ್ಯಾರಾದಲ್ಲಿ ಬರೆಯಿರಿ, ಕಲಸಬೇಡಿ.

ಒಪ್ಪಂದದ ಬಲ ಎಲ್ಲಿಂದ

ಅಮೆರಿಕದಲ್ಲಿ ವಿಮಾನ ಸಂಸ್ಥೆಗಳಿಗೆ 1926ರ ರೈಲ್ವೆ ಕಾರ್ಮಿಕ ಕಾಯ್ದೆ ಅನ್ವಯಿಸುತ್ತದೆ, 1936ರಲ್ಲಿ ವಿಮಾನವನ್ನೂ ಅದರೊಳಗೆ ತಂದರು. ಇದರಲ್ಲಿ ಒಪ್ಪಂದದ ಅವಧಿ ತೀರಿದ ಮಾತ್ರಕ್ಕೆ ಅದು ರದ್ದಾಗುವುದಿಲ್ಲ, ತಿದ್ದುಪಡಿಗೆ ತೆರೆದುಕೊಳ್ಳುತ್ತದೆ ಅಷ್ಟೇ. ಮುಷ್ಕರ ಹೂಡಬೇಕಾದರೆ ರಾಷ್ಟ್ರೀಯ ಮಧ್ಯಸ್ಥಿಕೆ ಮಂಡಳಿ ಬಿಡುಗಡೆ ಮಾಡಬೇಕು, ಆಮೇಲೂ 30 ದಿನ ತಣ್ಣಗಿರಬೇಕು. ಓಟಿಗೆ ಒಂದೂವರೆ ಪಟ್ಟು ಎನ್ನುವ 1938ರ ಕಾಯ್ದೆಯ ಸೂತ್ರವೂ ವಿಮಾನ ಸಂಸ್ಥೆಯವರಿಗೆ ಅನ್ವಯಿಸದು. ಯುಪಿಎಸ್‌ನ ವ್ಯಾನ್ ಡ್ರೈವರ್‌ಗಳು 1935ರ ಇನ್ನೊಂದು ಕಾಯ್ದೆಯ ಕೆಳಗೆ ಬರುತ್ತಾರೆ, ಅವಧಿ ಮುಗಿದರೆ ಕೆಲಸ ನಿಲ್ಲಿಸಬಹುದು. 1997ರ ಆಗಸ್ಟ್‌ನಲ್ಲಿ 1,85,000 ಮಂದಿ ನಿಲ್ಲಿಸಿದರು, ಹದಿನೈದು ದಿನ. ಆಗ ಯುಪಿಎಸ್ ಪೈಲಟ್‌ಗಳೂ ಮುಷ್ಕರದವರು ಗೇಟಿನಲ್ಲಿ ನಿಂತ ಸಾಲು ದಾಟಿ ಕೆಲಸಕ್ಕೆ ಹೋಗಲಿಲ್ಲ. ಅಂತರದ ಬಗ್ಗೆ ಬರೆಯುವಾಗ ಇದನ್ನು ಬಿಡಬೇಡಿ.

ಫೆಡೆಕ್ಸ್‌ನಲ್ಲಿ ಚಿತ್ರ ಬೇರೆ. ಪೈಲಟ್‌ಗಳಿಗೆ ಸಂಘ ಇದೆ, ಪಾರ್ಸಲ್ ಹಂಚುವವರಲ್ಲಿ ಹೆಚ್ಚಿನವರಿಗಿಲ್ಲ. ಅದರ ಗ್ರೌಂಡ್ ವಿಭಾಗದ ಡ್ರೈವರ್‌ಗಳು ಗುತ್ತಿಗೆದಾರರ ಕೈಕೆಳಗಿನವರು, ವ್ಯಾನ್ ಮೇಲೆ ಕಂಪನಿಯ ಹೆಸರು ಇದ್ದರೂ ಸಂಬಳ ಕೊಡುವವನು ಬೇರೆ.

ಸ್ಥಾನಮಾನ

ಪೈಲಟ್‌ಗೆ ಸೀನಿಯಾರಿಟಿ ಸಂಖ್ಯೆ ಜಾತಕವಿದ್ದ ಹಾಗೆ. ಯಾವ ವಿಮಾನ, ಯಾವ ಊರು, ಎಡಗಡೆಯ ಕ್ಯಾಪ್ಟನ್ ಸೀಟೋ ಬಲಗಡೆಯ ಸಹ ಪೈಲಟ್ ಸೀಟೋ ಎಲ್ಲ ಅದರ ಮೇಲೆ. ಕಂಪನಿ ಬದಲಿಸಿದರೆ ಮತ್ತೆ ತಳದಿಂದ.

ಮೇಲೆ ಕಂಡವನಿಗೆ ಎಲ್ಲವೂ ಮೇಲೆಯೇ ಇರುತ್ತದೆ ಎಂದೂ ಇಲ್ಲ. 2014ರ ಜನವರಿಯಲ್ಲಿ ಅಮೆರಿಕದಲ್ಲಿ ಪೈಲಟ್‌ಗಳ ವಿಶ್ರಾಂತಿಯ ಬಿಗಿ ನಿಯಮ ಜಾರಿಗೆ ಬಂತು. ಅದು ಪ್ರಯಾಣಿಕರ ವಿಮಾನಕ್ಕೆ ಮಾತ್ರ, ಸರಕು ವಿಮಾನವನ್ನು ಹೊರಗಿಟ್ಟರು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2013ರ ಆಗಸ್ಟ್ 14ರ ನಸುಕಿನಲ್ಲಿ, ಲೂಯಿವಿಲ್‌ನಿಂದ ಹೊರಟ ಯುಪಿಎಸ್ ವಿಮಾನ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಂನಲ್ಲಿ ಇಳಿಯುವಾಗ ಬಿದ್ದು ಇಬ್ಬರು ಪೈಲಟ್‌ಗಳೂ ಸತ್ತಿದ್ದರು. ಕಾರಣಗಳ ಪಟ್ಟಿಯಲ್ಲಿ ದಣಿವನ್ನೂ ತನಿಖೆ ಸೇರಿಸಿತು. ಹಿಂದೆ ಕೂತಿರುವುದು ಜನರೋ ಡಬ್ಬಿಗಳೋ ಎಂಬುದರ ಮೇಲೆ ಮುಂದೆ ಕೂತವನ ನಿದ್ದೆಯ ನಿಯಮ.

ಬಳ್ಳಾರಿಗೆ ತಂದರೆ

ನನ್ನ ಗೆಳೆಯನೊಬ್ಬ ಪಾರ್ಸಲ್ ಹಂಚುತ್ತಾನೆ. ಅವನಿಗೆ ಗಂಟೆಯೂ ಇಲ್ಲ, ಪೀಸ್ ಲೆಕ್ಕ. ನಮ್ಮೂರಿನ ಜೀನ್ಸ್ ಹೊಲಿಯುವ ಮನೆಗಳಲ್ಲಿ ಪ್ಯಾಂಟಿಗೆ ಇಷ್ಟು ಎನ್ನುವ ಹಾಗೆ, ಡಬ್ಬಿಗೆ ಇಷ್ಟು. ಲೆಕ್ಕಕ್ಕೆ ಡಬ್ಬಿಗೆ 15 ರೂಪಾಯಿ, ದಿನಕ್ಕೆ 60 ಡಬ್ಬಿ ಹಿಡಿಯಿರಿ: 900. ಪೆಟ್ರೋಲು 200 ಕಳೆದರೆ 700. ಹತ್ತು ಗಂಟೆಗೆ ಹಂಚಿದರೆ 70 ರೂಪಾಯಿ. ಸುಧಾ ಕ್ರಾಸ್ ಗೇಟು ಬಿದ್ದು ಗೂಡ್ಸ್ ಗಾಡಿ ಹೋಗುವವರೆಗೆ ಬಿಸಿಲಲ್ಲಿ ನಿಂತದ್ದು, ಗಾಂಧಿನಗರದಲ್ಲಿ ಫೋನ್ ಎತ್ತದ ಗಿರಾಕಿಗೆ ಕಾದದ್ದು ಯಾರ ಚಾರ್ಟಿನಲ್ಲೂ ಇಲ್ಲ. ಪೈಲಟ್ ಕಾದರೆ ರಿಗ್, ಮಾವ ಕಾದರೆ ಕಡೇಪಕ್ಷ 15 ನಿಮಿಷದ ಸಾಲು, ಇವನು ಕಾದರೆ ಅದು ಅವನ ಹಣೆಬರಹ. ಆ್ಯಪಿನಲ್ಲಿ ಅವನ ಹೆಸರು ‘ಪಾರ್ಟ್‌ನರ್’. ಬಾಗಿಲಲ್ಲಿ ಅವನ ಹೆಸರು ‘ಏ ಪಾರ್ಸಲ್’.

ಕರ್ನಾಟಕದಲ್ಲಿ 2025ರಲ್ಲಿ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಕಾಯ್ದೆ ಬಂತು. ಪ್ರತಿ ಕೆಲಸಕ್ಕೆ ಕಾರ್ಮಿಕನಿಗೆ ಕೊಡುವ ಮೊತ್ತದ ಮೇಲೆ ಶೇ. 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು. ಅದು ಸಾಮಾಜಿಕ ಭದ್ರತೆಯ ನಿಧಿ. ಕನಿಷ್ಠ ಗಂಟೆಯ ಗ್ಯಾರಂಟಿ ಅಲ್ಲ. ಎರಡನ್ನೂ ಒಂದೇ ಎಂದು ಬರೆದ ಗೆಳೆಯರಿಬ್ಬರಿಗೆ ಅಂಕ ಹೋಗಿದೆ.

ಮಾಡಿ ನೋಡಿ

ಒಬ್ಬ ಪೈಲಟ್ ಮೂರು ದಿನ, ಅಂದರೆ 72 ಗಂಟೆ, ನೆಲೆ ಬಿಟ್ಟಿದ್ದಾನೆ. ಹಾರಿಸಿದ್ದು 20 ಗಂಟೆ. ರಿಗ್ ನಾಲ್ಕಕ್ಕೆ ಒಂದು. ಎಷ್ಟು ಗಂಟೆಯ ಸಂಬಳ?

72 ಭಾಗಿಸು 4, ಅಂದರೆ 18. ಹಾರಿದ್ದು 20. ದೊಡ್ಡದು 20, ಉತ್ತರ 20. ರಿಗ್ ಕಂಡ ಕೂಡಲೇ 18 ಎಂದು ಬರೆದವರು ‘ಯಾವುದು ದೊಡ್ಡದೋ’ ಎಂಬ ಸಾಲಿಗೆ ವಾಪಸ್ ಹೋಗಿ. 38 ಎಂದು ಬರೆದವರು ನನ್ನ ಪಕ್ಕ ಬಂದು ಕೂತುಕೊಳ್ಳಿ.