ಮಳೆ ದೇವರದು, ಹೊಗೆ ಯಾರದು?

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಹಾನವಮಿ ಹೊತ್ತಿಗೆ ಕಾರಣಿಕ ನಡೆಯುತ್ತದೆ. ಕರಿ ಕಂಬಳಿಯ ಗೊರವಯ್ಯ ಎತ್ತರದ ಬಿಲ್ಲು ಏರಿ ನಿಲ್ಲುತ್ತಾರೆ. ‘ಸದ್ದಲೇ’ ಎಂದು ಅವರು ಕೂಗಿದ ಕೂಡಲೇ ಅಷ್ಟು ದೊಡ್ಡ ಜಾತ್ರೆ ಗಪ್‌ಚಿಪ್. ಕೂಸು ಅತ್ತರೂ ಕೇಳಿಸುತ್ತದೆ. ಒಂದೇ ಒಂದು ಮಾತು ನುಡಿದು ಅವರು ಮೇಲಿಂದ ಬೀಳುತ್ತಾರೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಮನೆಗೆ ಹೋಗುವ ದಾರಿಯುದ್ದಕ್ಕೂ ಒಂದೇ ಚರ್ಚೆ. ಆ ಮಾತಿನ ಅರ್ಥ ಏನು? ಮಳೆ ಹೇಗೆ, ಬೆಳೆ ಹೇಗೆ?

ನಮ್ಮ ಕಾಕಾ ಅಲ್ಲಿಗೆ ತಪ್ಪದೆ ಹೋಗುವವರು. ನವಲಗುಂದದ ಕಡೆ ಎರಿ ಹೊಲ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. 2023ರ ಆಗಸ್ಟ್ ತಿಂಗಳಲ್ಲಿ ಅವರ ಹೊಲದ ಬದುವಿನ ಮೇಲೆ ಕುಳಿತಿದ್ದೆ. ಎರಿ ಮಣ್ಣು ಬಿರುಕು ಬಿಟ್ಟು, ಅದರೊಳಗೆ ನನ್ನ ಅಂಗೈ ಹೋಗುವಷ್ಟು ಸಂದಿಯಾಗಿತ್ತು. ಹೆಸರಿನ ಗಿಡ ಗೇಣುದ್ದಕ್ಕೇ ನಿಂತು ಹಳದಿ ತಿರುಗಿತ್ತು. 1901ರಿಂದ ಇಟ್ಟ ಲೆಕ್ಕದಲ್ಲಿ ದೇಶಕ್ಕೆ ಅಷ್ಟು ಒಣಗಿದ ಆಗಸ್ಟ್ ಬಂದೇ ಇರಲಿಲ್ಲ. ಆ ವರ್ಷ ನಮ್ಮ ರಾಜ್ಯದ 236 ತಾಲ್ಲೂಕುಗಳಲ್ಲಿ 223ಕ್ಕೆ ಬರ ಎಂದು ಸರ್ಕಾರವೇ ಘೋಷಿಸಿತು. ಕಾಕಾ ಒಂದು ಕಾಯಿ ಬಿಡಿಸಿ ನೋಡಿದರು. ಒಳಗೆ ಕಾಳು ಇರಲಿಲ್ಲ.

“ಎಲ್ಲಾ ನಾವು ಮಾಡಿದ ಪಾಪ ತಮ್ಮಾ” ಅಂದರು. “ಮನಷ್ಯಾ ಕೆಟ್ಟಾನ, ಅದಕ್ಕ ಮಳಿ ಕೆಟ್ಟೈತಿ.”

ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮನುಷ್ಯನ ಕೆಲಸದಿಂದಲೇ ಮಳೆ ಕೆಟ್ಟಿದೆ ಎಂದು ಕಾಕಾ ಆಗಲೇ ಒಪ್ಪಿಕೊಂಡಿದ್ದಾರೆ, ಅಲ್ವಾ? ಬೇರೆ ದೇಶಗಳಲ್ಲಿ ವಿಜ್ಞಾನಿಗಳು ಇದೊಂದನ್ನು ಒಪ್ಪಿಸಲು ಹೆಣಗುತ್ತಿದ್ದಾರೆ. ಅಮೆರಿಕದಲ್ಲಿ ಜನಾಭಿಪ್ರಾಯ ಸಮೀಕ್ಷೆ ಮಾಡುವ ಪ್ಯೂ ಸಂಸ್ಥೆ 2022ರಲ್ಲಿ ಜನರನ್ನು ಕೇಳಿತು. ಭೂಮಿ ಬಿಸಿಯಾಗುವುದಕ್ಕೆ ಮನುಷ್ಯನೇ ಮುಖ್ಯ ಕಾರಣ ಎಂದವರು ಬೈಬಲ್ ಮಾತಿಗೆ ಕಟ್ಟುಬಿದ್ದ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ ಮೂವರಲ್ಲಿ ಒಬ್ಬರು ಮಾತ್ರ. ಯಾವ ಧರ್ಮಕ್ಕೂ ಸೇರಿಲ್ಲ ಎನ್ನುವವರಲ್ಲಿ ಮೂವರಲ್ಲಿ ಇಬ್ಬರು. ಇದನ್ನು ನೋಡಿದರೆ ದೇವರನ್ನು ನಂಬಿದವರು ವಿಜ್ಞಾನವನ್ನು ನಂಬುವುದಿಲ್ಲ ಅನ್ನಿಸಬಹುದು. ಆದರೆ ಅದೇ ಸಮೀಕ್ಷೆ ಇನ್ನೊಂದು ಮಾತನ್ನೂ ಹೇಳಿತು. ಈ ಅಂತರದ ಹಿಂದೆ ಇರುವುದು ದೇವರಿಗಿಂತ ಜಾಸ್ತಿ ರಾಜಕೀಯ ಪಕ್ಷ. ಕ್ಯಾಥರಿನ್ ಹೇಹೋ ಎಂಬ ಹೆಸರಾಂತ ಹವಾಮಾನ ವಿಜ್ಞಾನಿ ಸ್ವತಃ ಇವ್ಯಾಂಜೆಲಿಕಲ್. ಅವರ ಗಂಡ ಪಾದ್ರಿ. ಪೋಪ್ ಫ್ರಾನ್ಸಿಸ್ 2015ರಲ್ಲಿ ಇದೇ ವಿಷಯಕ್ಕೆ ದೊಡ್ಡ ಪತ್ರವನ್ನೇ ಬರೆದರು. ಅದೇ ವರ್ಷ ಇಸ್ತಾಂಬುಲ್‌ನಲ್ಲಿ ಮುಸ್ಲಿಂ ವಿದ್ವಾಂಸರೂ, ಬೇರೆ ಕಡೆ ಹಿಂದೂ ಮುಖಂಡರೂ ಹೇಳಿಕೆ ಹೊರಡಿಸಿದರು.

ನಮ್ಮ ಕಡೆಯ ತೊಡಕೇ ಬೇರೆ. ನಮ್ಮಲ್ಲಿ ಪಾಪ ಅಂದರೆ ಜನರ ನಡತೆ. ಗುಡಿಯ ಜಗಳ, ಬಿಟ್ಟುಹೋದ ಹರಕೆ, ನಿಂತುಹೋದ ಜಾತ್ರೆ. ಮಳೆ ಹೋದರೆ ಹಂಚಿನ ಮೇಲೆ ಗುರ್ಜಿ ಮಾಡಿ ಮಕ್ಕಳು ಮನೆಮನೆಗೆ ಹೊರುತ್ತಾರೆ, ತಲೆ ಮೇಲೆ ನೀರು ಸುರಿಸಿಕೊಳ್ಳುತ್ತಾರೆ. ಏಳು ದಿನದ ಭಜನೆ, ಕತ್ತೆ ಮದುವೆ. ಇದನ್ನು ಮೂಢನಂಬಿಕೆ ಎಂದು ನಗುವವರ ಜೊತೆ ನಾನಿಲ್ಲ. ಊರಿಗೆ ಊರೇ ಒಂದು ಕಡೆ ಕೂತು ಕಳವಳಪಡುವ ಹೊತ್ತು ಅದು. ಆದರೆ ಯಾವ ಕೆಲಸ ಮಳೆಯನ್ನು ಕೆಡಿಸಿತು ಎಂಬುದನ್ನು ಅಲ್ಲಿ ಯಾರೂ ಹುಡುಕುವುದಿಲ್ಲ.

ಕಾಕಾಗೆ ಅದನ್ನು ಹೇಳಲು ನನಗೆ ಸಿಕ್ಕಿದ್ದು ಹಗೇವು. ನಮ್ಮ ಹಿರಿಯರು ನೆಲದಲ್ಲಿ ಗುಂಡಿ ತೋಡಿ ಜೋಳ ತುಂಬಿ ಬಾಯಿ ಮುಚ್ಚುತ್ತಿದ್ದರು. ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆದ ಕೂಡಲೇ ಮಾತ್ರ ಯಾರೂ ಒಳಗಿಳಿಯುತ್ತಿರಲಿಲ್ಲ. ಬಾಯಿ ತೆಗೆದು ಗಾಳಿಯಾಡಲು ಬಿಡಬೇಕು. ಆಮೇಲೆ ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಡಬೇಕು. ದೀಪ ಆರಿದರೆ ಇಳಿಯುವಂತಿಲ್ಲ. ಅವಸರಪಟ್ಟು ಇಳಿದು ಸತ್ತವರ ಕಥೆ ಹಳೇ ಊರುಗಳಲ್ಲೆಲ್ಲ ಸಿಗುತ್ತದೆ. ಕಾಳಿಗೂ ಜೀವ ಇದೆ, ಅದೂ ಉಸಿರಾಡುತ್ತದೆ. ಒಳಗಿನ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಕಣ್ಣಿಗೆ ಕಾಣದ, ಮೂಗಿಗೆ ಸಿಗದ ಆ ಗಾಳಿಯನ್ನು ನಮ್ಮ ಅಜ್ಜಂದಿರು ಯಾವ ಪುಸ್ತಕ ಓದದೆಯೂ ಬಲ್ಲವರಾಗಿದ್ದರು.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ಲೂ ಹಗೇವಿನ ಸರಕೇ. ಕೋಟಿಗಟ್ಟಲೆ ವರ್ಷದ ಹಿಂದೆ ಸತ್ತ ಗಿಡ, ಜೀವಿಗಳು ನೆಲದಡಿ ಸೇರಿದವು, ಬಾಯಿ ಮುಚ್ಚಿತು. ಇನ್ನೂರೈವತ್ತು ವರ್ಷದಿಂದ ನಾವು ಅದನ್ನು ತೆಗೆದು ಸುಡುತ್ತಿದ್ದೇವೆ. ಮೊದಲು ಗಾಳಿಯ ಹತ್ತು ಲಕ್ಷ ಕಣಗಳಲ್ಲಿ ಆ ಅನಿಲದ್ದು 280 ಇದ್ದವು. ಈಗ 420 ದಾಟಿದೆ.

ಅದು ನಮ್ಮದೇ ಹೊಗೆ ಎಂಬುದಕ್ಕೆ ಗುರುತೂ ಇದೆ. ಬದುಕಿರುವ ಗಿಡ, ಪ್ರಾಣಿಗಳಲ್ಲಿ ಕಾರ್ಬನ್-14 ಎಂಬ ಜಾತಿಯ ಇಂಗಾಲ ಒಂಚೂರು ಇರುತ್ತದೆ. ಸತ್ತ ಮೇಲೆ ಅದು 5,730 ವರ್ಷಕ್ಕೆ ಅರ್ಧ ಆಗುತ್ತಾ ಹೋಗುತ್ತದೆ. ಕಲ್ಲಿದ್ದಲಿನಲ್ಲಿ ಅದು ಪೂರಾ ಖಾಲಿ. ಹಾನ್ಸ್ ಸ್ಯೂಸ್ ಎಂಬ ವಿಜ್ಞಾನಿ 1955ರಲ್ಲಿ ಹಳೇ ಮರಕ್ಕೂ ಹೊಸ ಮರಕ್ಕೂ ಹೋಲಿಸಿ ನೋಡಿದರು. ಹೊಸ ಮರದಲ್ಲಿ ಕಾರ್ಬನ್-14 ಇರಬೇಕಾದ್ದಕ್ಕಿಂತ ಕಡಿಮೆ ಇತ್ತು. ಹಗೇವಿನ ಗಾಳಿ ಹೊರಗಿನ ಗಾಳಿಗೆ ಬೆರೆತಿತ್ತು.

ಸೂರ್ಯನೇ ಬಿಸಿಯಾಗಿರಬಹುದಲ್ಲ ಎಂದು ಕೇಳುವವರಿದ್ದಾರೆ. ಹಾಗಾಗಿದ್ದರೆ ಮೇಲಿನ ಗಾಳಿಯೂ ಕಾಯಬೇಕಿತ್ತು. ಕೆಳಗೆ ಕಾದಿದೆ, ತೀರಾ ಮೇಲಿನ ಪದರ ತಣ್ಣಗಾಗಿದೆ. ಕಂಬಳಿ ಹೊದ್ದವನ ಮೈ ಬೆಚ್ಚಗಾಗುತ್ತದೆ, ಹೊರಗೆ ಹೋಗುವ ಶಾಖ ಕಡಿಮೆಯಾಗುತ್ತದೆ. ಇದೂ ಸ್ವಲ್ಪ ಹಾಗೇ.

ಒಂದು ವರ್ಷದ ಬರವನ್ನು ಪೂರ್ತಿ ಹೊಗೆಯ ಮೇಲೆ ಹಾಕಲಾಗದು. 2023ರಲ್ಲಿ ಎಲ್ ನಿನೊ ಕೂಡ ಇತ್ತು, ಅಂದರೆ ಪೆಸಿಫಿಕ್ ಸಾಗರದ ನೀರು ಕಾದು ನಮ್ಮ ಮಳೆ ಕುಗ್ಗಿಸುವ ವಿದ್ಯಮಾನ. ಆದರೆ ಗಾಳಿ ಒಂದು ಡಿಗ್ರಿ ಕಾದರೆ ಸುಮಾರು ಶೇ. 7ರಷ್ಟು ಜಾಸ್ತಿ ತೇವ ಹಿಡಿಯುತ್ತದೆ. ಹಿಡಿದದ್ದನ್ನು ಒಮ್ಮೆಲೇ ಸುರಿಯುತ್ತದೆ. ಮಿರಗ, ಆರಿದ್ರಾ ಎಂದು ನಕ್ಷತ್ರ ಲೆಕ್ಕ ಹಾಕಿ ಬಿತ್ತುವವರಿಗೆ ಲೆಕ್ಕ ತಪ್ಪುತ್ತಿರುವುದಕ್ಕೆ ಇದೂ ಒಂದು ಕಾರಣ. ನಕ್ಷತ್ರ ಸರಿದದ್ದು ಕಾರಣ ಅಲ್ಲ. ಅದು ಎಪ್ಪತ್ತು ವರ್ಷಕ್ಕೆ ಒಂದು ದಿನದಷ್ಟೇ ಸರಿಯುವುದು.

ನನಗೆ ಸಂಕಟ ಆಗುವುದು ‘ನಾವು ಮಾಡಿದ ಪಾಪ’ ಎಂಬ ಮಾತಿಗೆ. ಯಾವ ನಾವು? ಒಬ್ಬ ಅಮೆರಿಕದವನ ಪಾಲಿನ ಹೊಗೆ ವರ್ಷಕ್ಕೆ ಸುಮಾರು 14 ಟನ್. ಭಾರತದವನದ್ದು ಸುಮಾರು 2. ಎರಡೆತ್ತು, ಒಂದು ಬೈಕು ಇರುವ ನಮ್ಮ ಕಾಕಾನ ಪಾಲು ಅದಕ್ಕಿಂತಲೂ ಕಡಿಮೆ ಇದ್ದೀತು. ಬೆಳೆ ಕಳೆದುಕೊಂಡವರೇ ಪಾಪವನ್ನೂ ಹೊರಬೇಕೇ?

ನಂಬಿಕೆಗೆ ಸರಿಯಾದ ಗುರಿ ಸಿಕ್ಕರೆ ಏನಾಗುತ್ತದೆ ಎಂಬುದನ್ನು ಗದಗಿನವರು ಕಂಡಿದ್ದಾರೆ. 2011ರಲ್ಲಿ ಹಳ್ಳಿಗುಡಿಯ ಹೊಲಗಳಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆ ಬರುವುದಿತ್ತು. ತೋಂಟದ ಸಿದ್ಧಲಿಂಗ ಸ್ವಾಮೀಜಿ ರೈತರ ಜೊತೆ ನಿಂತರು, ಕಾರ್ಖಾನೆ ಬರಲಿಲ್ಲ. ಕಪ್ಪತಗುಡ್ಡದ ಗಣಿಗಾರಿಕೆಗೂ ಅವರು ಎದುರು ನಿಂತರು. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು. ಅದನ್ನು ನೋಡಲು ಸ್ವಾಮೀಜಿ ಇರಲಿಲ್ಲ.

ಹಗೇವಿನ ಮಾತು ಮುಗಿದ ಮೇಲೆ ಕಾಕಾ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, “ನಮ್ಮ ಹಗೇವಿನ ಗಾಳಿ ಅರ್ಧಾ ದಿನದಾಗ ಹೊಕ್ಕಿತ್ತು. ಇದರ ಬಾಯಿ ಇವತ್ತ ಮುಚ್ಚಿದ್ರ, ಹೊರಗ ಬಂದಿದ್ದು ಎಷ್ಟ ದಿನಕ್ಕ ಹೊಕ್ಕೈತಿ?”

ದಿನದ ಲೆಕ್ಕ ಅಲ್ಲ ಕಾಕಾ, ಬಹಳಷ್ಟು ಪಾಲು ನೂರಾರು ವರ್ಷ ಉಳಿಯುತ್ತದೆ ಅಂದೆ. ಅವರು ಕೈಯಲ್ಲಿದ್ದ ಕಾಯಿ ಕೆಳಗಿಟ್ಟು ಬೆರಳು ಮಡಚತೊಡಗಿದರು. ಮಗ, ಮೊಮ್ಮಗ, ಮರಿಮಗ. ಒಂದು ಕೈ ಸಾಲಲಿಲ್ಲ.