ಲೋಡ್ ಏರಿದರೆ ಸಿಪಿಯು ಕಡಿಮೆ ಬಿದ್ದಿದೆ ಅಂತಲ್ಲ

ಹುಬ್ಬಳ್ಳಿ ಸುತ್ತಮುತ್ತ ಸರ್ವರ್ ನೋಡಿಕೊಳ್ಳುವ ನನಗೆ ಜಾಸ್ತಿ ಬರುವ ಫೋನ್ ಇದೇ: ‘ಸರ್, ಲೋಡ್ ಏರಿದೆ, ಸಿಪಿಯು ಸಾಲ್ತಾ ಇಲ್ಲ.’ ಮೊದಲನೇ ಮಾತು ನಿಜ. ಎರಡನೇದು ಬಹಳ ಸಲ ನಿಜವಲ್ಲ.

‘ಅಪ್‌ಟೈಮ್’ ಕಮಾಂಡ್ ಕೊಟ್ಟರೆ ಮೂರು ಅಂಕಿ ಬರುತ್ತವೆ. 1, 5, 15 ನಿಮಿಷದ ಲೋಡ್ ಸರಾಸರಿ. ಸಿಪಿಯು ಮೇಲೆ ಓಡುತ್ತಿರುವ ಮತ್ತು ಅದರ ಸರದಿ ಕಾಯುತ್ತಿರುವ ಪ್ರೊಸೆಸ್‌ಗಳ (ಚಾಲನೆಯಲ್ಲಿರುವ ಪ್ರೋಗ್ರಾಂಗಳ) ಲೆಕ್ಕವಷ್ಟೇ ಅದು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಲಿನಕ್ಸ್‌ನಲ್ಲಿ ಹಾಗಿಲ್ಲ. ಡಿಸ್ಕ್‌ನಂಥದ್ದಕ್ಕೆ ಕಾಯುತ್ತಾ ‘ಡಿ’ ಸ್ಥಿತಿಯಲ್ಲಿ ಸಿಕ್ಕಿಕೊಂಡ ಪ್ರೊಸೆಸ್‌ಗಳೂ ಅದರಲ್ಲಿ ಸೇರುತ್ತವೆ. ಇದು 1993ರಲ್ಲಿ ಮಥಿಯಾಸ್ ಉರ್ಲಿಕ್ಸ್ ಎಂಬವರು ಕೊಟ್ಟ ಪ್ಯಾಚ್‌ನಿಂದ, ಅಂದರೆ ಕೋಡ್ ತಿದ್ದುಪಡಿಯಿಂದ, ಬಂದದ್ದು. ಅವರ ವಾದ ಸರಿಯಾಗಿಯೇ ಇತ್ತು: ಸ್ವಾಪ್‌ಗೆ (ಮೆಮೊರಿ ಸಾಲದಾಗ ಬಳಸುವ ಡಿಸ್ಕ್ ಜಾಗಕ್ಕೆ) ವೇಗದ ಡಿಸ್ಕ್ ತೆಗೆದು ನಿಧಾನದ್ದು ಹಾಕಿದರೆ, ಕಾಯುವ ಪ್ರೊಸೆಸ್ ಹೆಚ್ಚಿದರೂ, ಲೋಡ್ ಇಳಿಯಿತು ಎಂದು ತೋರಿಸುವುದು ತರ್ಕಕ್ಕೆ ಕೂಡುತ್ತದೆಯೇ?

ಎಪಿಎಂಸಿ ಅಂಗಳ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಲಾರಿ ಬಂದಿಲ್ಲವೆಂದು ಹಮಾಲರು ಸುಮ್ನೆ ಕೂತಿರುವಾಗ ಇನ್ನೂ ಹತ್ತು ಹಮಾಲರನ್ನು ಕರೆಸಿದರೆ ಮೂಟೆ ಏರುವುದಿಲ್ಲ, ಅಲ್ವಾ?

ಬ್ಯಾಡಗಿಯ ಒಂದು ದಲಾಲಿ ಅಂಗಡಿಯಲ್ಲಿ ಆದದ್ದು ಇದೇ. ಮೆಣಸಿನಕಾಯಿ ಸೀಸನ್. ರೈತರ ಲೆಕ್ಕದ ಪಟ್ಟಿ ಹೊರಬರುತ್ತಿಲ್ಲ. ನಾಲ್ಕು ಕೋರ್‌ನ, ಅಂದರೆ ಒಮ್ಮೆಗೆ ನಾಲ್ಕು ಪ್ರೊಸೆಸ್ ಓಡಿಸಬಲ್ಲ ಮಶೀನ್, ಲೋಡ್ 47. ದೊಡ್ಡ ಸರ್ವರ್‌ಗೆ ಕೊಟೇಶನ್ ಆಗಲೇ ಬಂದಿತ್ತು. ಆದರೆ ಸಿಪಿಯು ಬಳಕೆ ತೋರಿಸುವ ‘ಟಾಪ್’ ತೆರೆದರೆ ಸಿಪಿಯು 96 ಪರ್ಸೆಂಟ್ ಖಾಲಿ! ‘ಪಿಎಸ್’ ಪಟ್ಟಿಯಲ್ಲಿ ಡಿ ಸ್ಥಿತಿಯ ಪ್ರೊಸೆಸ್‌ಗಳ ಸಾಲು. ಅದರಲ್ಲಿ ಹೆಚ್ಚಿನವು ‘ಡಿಎಫ್’. ಡಿಸ್ಕ್‌ನಲ್ಲಿ ಜಾಗ ಎಷ್ಟಿದೆ ಎಂದು ತೋರಿಸುವ ಪುಟ್ಟ ಕಮಾಂಡ್ ಅದು. ಕರ್ನಲ್‌ನ (ಲಿನಕ್ಸ್‌ನ ತಿರುಳಿನ) ಯಾವ ಫಂಕ್ಷನ್‌ನಲ್ಲಿ ನಿಂತಿದೆ ಎಂದು ತೋರಿಸುವ ‘ಡಬ್ಲ್ಯೂ-ಚಾನ್’ ಕಾಲಂನಲ್ಲಿ ಎಲ್ಲಕ್ಕೂ ಒಂದೇ ಹೆಸರು, ಆರ್‌ಪಿಸಿಯಿಂದ ಶುರುವಾಗುವಂಥದ್ದು. ಆರ್‌ಪಿಸಿ ಎಂದರೆ ನೆಟ್‌ವರ್ಕ್ ಮೇಲೆ ಇನ್ನೊಂದು ಮಶೀನಿಗೆ ಕೆಲಸ ಕೇಳುವುದು. ಅಂದರೆ ಇಲ್ಲಿ ಎನ್‌ಎಫ್‌ಎಸ್, ಬೇರೆ ಮಶೀನಿನ ಡಿಸ್ಕನ್ನು ನೆಟ್‌ವರ್ಕ್ ಮೂಲಕ ಬಳಸುವ ವ್ಯವಸ್ಥೆ.

ಬ್ಯಾಕಪ್‌ಗೆಂದು ಹುಬ್ಬಳ್ಳಿ ಆಫೀಸಿನ ಸ್ಟೋರೇಜನ್ನು ಎನ್‌ಎಫ್‌ಎಸ್ ಮೂಲಕ ಇಲ್ಲಿ ಮೌಂಟ್ ಮಾಡಿದ್ದರು, ಅಂದರೆ ಇಲ್ಲಿನದೇ ಫೋಲ್ಡರ್‌ನಂತೆ ಜೋಡಿಸಿದ್ದರು. ರಸ್ತೆ ಅಗೆಯುವಾಗ ಕೇಬಲ್ ಕಡಿದು ಲೈನ್ ಹೋಗಿತ್ತು. ಹಾರ್ಡ್ ಮೌಂಟ್ ಆದ್ದರಿಂದ ಉತ್ತರ ಬರುವವರೆಗೂ ಕಾಯುವುದೇ ಅದರ ಕೆಲಸ. ಪಟ್ಟಿಯ ಒಂದು ಪ್ರತಿ ಅಲ್ಲಿಗೂ ಹೋಗಬೇಕಿತ್ತು, ಹಾಗಾಗಿ ಬಿಲ್ಲಿಂಗ್ ನಿಂತಿತು. ಇನ್ನು ಡಿಎಫ್? ಡಿಸ್ಕ್ ತುಂಬಿದೆಯೇ ಎಂದು ನೋಡುವ ಮಾನಿಟರಿಂಗ್ ಸ್ಕ್ರಿಪ್ಟ್ ನಿಮಿಷಕ್ಕೊಮ್ಮೆ ಓಡುತ್ತಿತ್ತು. ಪ್ರತಿ ಸಲವೂ ಹೊಸ ಡಿಎಫ್ ಹೋಗಿ ಸತ್ತ ಮೌಂಟ್ ಮುಂದೆ ನಿಲ್ಲುತ್ತಿತ್ತು. ನಿಮಿಷಕ್ಕೆ ಒಂದರಂತೆ ಲೋಡ್ ಏರುತ್ತಿತ್ತು. ಕಾವಲಿಗೆ ಇಟ್ಟ ಸ್ಕ್ರಿಪ್ಟೇ ಲೋಡ್ ಏರಿಸಿತ್ತು. ಗ್ರಾಫ್‌ನಲ್ಲಿ ಹೀಗೆ ಗೆರೆ ಎಳೆದಂತೆ ನೇರವಾಗಿ ಲೋಡ್ ಏರಿದರೆ ನನಗೆ ಮೊದಲು ಅನುಮಾನ ಬರುವುದು ಹೊತ್ತಿಗೆ ಸರಿಯಾಗಿ ಸ್ಕ್ರಿಪ್ಟ್ ಓಡಿಸುವ ಕ್ರಾನ್ ಮೇಲೆ.

ಲೋಕಲ್ ಡಿಸ್ಕೇ ನಿಧಾನವಾದರೆ ಗುರುತು ಬೇರೆ. ‘ಐಓಸ್ಟ್ಯಾಟ್’ ಕಮಾಂಡ್‌ನ ಅವೇಟ್ ಕಾಲಂ ನೋಡಿ, ಒಂದೊಂದು ಓದು-ಬರಹಕ್ಕೆ ಡಿಸ್ಕ್ ಎಷ್ಟು ಹೊತ್ತು ತೆಗೆದುಕೊಳ್ಳುತ್ತಿದೆ ಎಂದು ಅದು ತೋರಿಸುತ್ತದೆ. ಕರ್ನಲ್ 4.20ರಿಂದ, ಅಂದರೆ 2018ರ ಕೊನೆಯಿಂದ, ಪ್ರಾಕ್ ಫೋಲ್ಡರ್ ಅಡಿಯ ಪ್ರೆಶರ್ ಎಂಬಲ್ಲಿ ಕೆಲವು ಫೈಲ್‌ಗಳಿವೆ. ಸಿಪಿಯು, ಮೆಮೊರಿ, ಐಓ (ಡಿಸ್ಕ್‌ನಂಥದ್ದರ ಓದು-ಬರಹ) ಇವುಗಳಿಗೆ ಕಾಯುತ್ತಾ ಎಷ್ಟು ಪರ್ಸೆಂಟ್ ಸಮಯ ಹೋಯಿತು ಎಂದು ಬೇರೆಬೇರೆಯಾಗಿ ಹೇಳುತ್ತವೆ. ಲೋಡ್‌ಗಿಂತ ಇವನ್ನೇ ಅಲರ್ಟ್‌ಗೆ ಬಳಸಿ ಎನ್ನುತ್ತೇನೆ. ಕೆಲವು ಡಿಸ್ಟ್ರಿಬ್ಯೂಷನ್‌ಗಳಲ್ಲಿ ಬೂಟ್ ಆಯ್ಕೆಯಿಂದ ಇದನ್ನು ಆನ್ ಮಾಡಬೇಕು.

ಬ್ಯಾಡಗಿಯಲ್ಲಿ ಕಾಸು ಖರ್ಚಾಗಲಿಲ್ಲ. ಮೌಂಟ್ ಕಳಚಿದೆವು, ಸಿಕ್ಕಿಕೊಂಡ ಪ್ರೊಸೆಸ್‌ಗಳನ್ನು ಕೊಂದೆವು, ಪಟ್ಟಿ ಹೊರಬಂತು. ಸ್ಕ್ರಿಪ್ಟ್‌ನಲ್ಲಿ ಡಿಎಫ್ ಈಗ ಲೋಕಲ್ ಡಿಸ್ಕ್ ಮಾತ್ರ ನೋಡುತ್ತದೆ, ಅದಕ್ಕೂ ಟೈಮ್‌ಔಟ್ ಇದೆ. ಪಟ್ಟಿಯ ಪ್ರತಿ ಮೊದಲು ಬ್ಯಾಡಗಿಯ ಮಶೀನಿನಲ್ಲೇ ಉಳಿಯುತ್ತದೆ, ರಾತ್ರಿ ಫೈಲ್ ನಕಲು ಮಾಡುವ ಆರ್‌ಸಿಂಕ್ ಹುಬ್ಬಳ್ಳಿಗೆ ಒಯ್ಯುತ್ತದೆ. ಸಾಫ್ಟ್ ಮೌಂಟ್ ಮಾಡಿಬಿಡೋಣ ಎಂದು ಅಲ್ಲಿನ ಹುಡುಗ ಕೇಳಿದ. ಬೇಡ ಎಂದೆ. ಸಾಫ್ಟ್ ಮೌಂಟ್ ಕಾಯುವುದನ್ನು ಬಿಟ್ಟು ಎರರ್ ಕೊಡುತ್ತದೆ. ಆ ಎರರನ್ನು ಪ್ರೋಗ್ರಾಂ ಸರಿಯಾಗಿ ನೋಡದಿದ್ದರೆ ಬರೆಯುತ್ತಿದ್ದ ಫೈಲ್ ಅರ್ಧಕ್ಕೇ ನಿಂತು ಕೆಡಬಹುದು, ರೈತನ ಲೆಕ್ಕವಿರುವ ಫೈಲ್ ಅದು.